ಎಂಟರ ಮೇಲೆ ಎರಡು ಗೆರೆ

ಅಕ್ಕ ಸತ್ತ ಹತ್ತೊಂಬತ್ತನೆಯ ದಿನದಿಂದ ಪುಟ್ಟಿ ಅಕ್ಕನ ಔಷಧಿಯನ್ನು ತನಗೇ ಚುಚ್ಚಿಕೊಳ್ಳಲು ಶುರುಮಾಡಿದಳು.

ಪುಟ್ಟಿಗೆ ಐವತ್ತನಾಲ್ಕು ವರ್ಷ. ಅಂಗಡಿಯ ಒಳಗಿನಿಂದ ರಸ್ತೆಯ ಕೊನೆಗೆ ಕೇಳುವಂತೆ ಅಕ್ಕ ಅವಳನ್ನು ಹಾಗೆ ಕೂಗಿ ಕೂಗಿ, ಗಿರಾಕಿಗಳಿಗೂ ಪೋಸ್ಟಿನವನಿಗೂ ಎದುರುಗಡೆ ಬ್ಯಾಂಕಿನ ಕಾವಲುಗಾರನಿಗೂ ಅವಳು ಪುಟ್ಟಿಯೇ ಆಗಿಹೋಗಿದ್ದಳು. ಅಕ್ಕ ಮಾತ್ರ ಎಲ್ಲರಿಗೂ 'ಮಾಸ್ಟರ್'. ಇಬ್ಬರೂ ಸೇರಿ ಮೂವತ್ತೆಂಟು ವರ್ಷ ಹೊಲಿಗೆ ಅಂಗಡಿ ನಡೆಸಿದ್ದರು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಅದರ ಪಕ್ಕಕ್ಕೆ ಎರಡು ಮಂಚ ಹಾಕಿದರೆ ನಡೆಯಲು ಜಾಗವಿಲ್ಲದ ಒಂದು ಕೋಣೆ.

ಬೆಳಿಗ್ಗೆ ಏಳಕ್ಕೆ ಅವಳು ಫ್ರಿಜ್ಜಿನಲ್ಲಿ ಮೊಟ್ಟೆಗಳ ಹಿಂದೆ ಮುಚ್ಚಿಟ್ಟಿದ್ದ ಗುಂಡಿಗಳ ಡಬ್ಬಿಯನ್ನು ಹೊರಗೆ ತೆಗೆಯುವಳು. ಅದರಲ್ಲೀಗ ಗುಂಡಿಗಳಿರಲಿಲ್ಲ. ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಸೀಸೆಗಳಿದ್ದವು. ನೀಲಿ ಮುಚ್ಚಳ, ಒಳಗೆ ತಳಕ್ಕೆ ಕಚ್ಚಿಕೊಂಡ ಬಿಳಿ ಪುಡಿಯ ಬಿಲ್ಲೆ. ನೀರು ಬೆರೆಸುವಾಗ ಸೀಸೆಯನ್ನು ಕುಲುಕಬಾರದು. ಸೂಜಿಯನ್ನು ಒಳಗೋಡೆಗೆ ಆನಿಸಿ ನೀರು ಜಾರಿ ಇಳಿಯುವಂತೆ ಬಿಟ್ಟು, ಆಮೇಲೆ ಎರಡು ಅಂಗೈಗಳ ನಡುವೆ ನಿಧಾನವಾಗಿ ಉರುಳಿಸಬೇಕು. ಸೀಸೆಯ ಮೈಗೆ ಅಂಟಿಸಿದ ಚೀಟಿಯಲ್ಲಿ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂದು ಇರುವೆ ಸಾಲಿನಂಥ ಅಕ್ಷರ. ಸಣ್ಣ ಸಿರಿಂಜಿನಲ್ಲಿ ಹತ್ತನೆಯ ಗೆರೆಯವರೆಗೆ ಎಳೆದುಕೊಂಡು, ಹೊಕ್ಕುಳಿನಿಂದ ನಾಲ್ಕು ಬೆರಳು ಪಕ್ಕಕ್ಕೆ ಚರ್ಮವನ್ನು ಚಿವುಟಿ ಹಿಡಿದು ಚುಚ್ಚುವಳು.

ಫ್ರಿಜ್ಜಿನ ಬಾಗಿಲ ಮೇಲೆ ಅಕ್ಕನ ಕೈಬರಹದ ಚೀಟಿ ಇನ್ನೂ ಹಾಗೇ ಇತ್ತು. 'ನೀಲಿ - ಎಂಟು.'

ಎಂಟು. ಹತ್ತಲ್ಲ.

ಆ ಅಂಗಡಿಯಲ್ಲಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಅಕ್ಕನ ಕೆಲಸ, ಕತ್ತರಿಸಿ ಹೊಲಿಯುವುದು ಪುಟ್ಟಿಯದು. ಹದಿನಾರನೆಯ ವಯಸ್ಸಿನಲ್ಲಿ ಮೊದಲ ಸಲ ಕತ್ತರಿ ಕೈಗೆ ಸಿಕ್ಕಾಗ ಪುಟ್ಟಿ ಅಕ್ಕ ಎಳೆದ ಗೆರೆಯ ಮೇಲೇ, ಒಂದು ನೂಲು ಆಚೀಚೆ ಆಗದಂತೆ ಕತ್ತರಿಸಿ, ಹೊಗಳಿಕೆಗೆ ಕಾಯುತ್ತ ನಿಂತಿದ್ದಳು. ಅಕ್ಕ ಅಳತೆಪಟ್ಟಿಯಿಂದ ಅವಳ ಮಣಿಕಟ್ಟಿಗೆ ಫಟ್ಟೆಂದು ಒಂದು ಕೊಟ್ಟಳು.

"ಗೆರೆ ಅನ್ನೋದು ಗಿರಾಕಿ ಮೈ ಕಣೇ. ಮೈ ಮೇಲೇ ಕತ್ತರಿ ಇಡ್ತೀಯಾ? ಎರಡು ಬೆರಳು ಆಚೆ ಇಡು. ಹೊಲಿಗೆಗೆ ಬಟ್ಟೆ ಎಲ್ಲಿಂದ ತರಲಿ, ನಿನ್ನ ಲಂಗದಿಂದಾ?"

ಅಂದಿನಿಂದ ಪುಟ್ಟಿಯ ಕೈ ಗೆರೆಯ ಮೇಲೆ ನಿಂತದ್ದಿಲ್ಲ. ಅಕ್ಕ ಬರೆದದ್ದು ಮೈ, ಪುಟ್ಟಿ ಕತ್ತರಿಸಿದ್ದು ಬಟ್ಟೆ. ಅದು ಯೋಚನೆ ಮಾಡಿ ಮಾಡುವ ಕೆಲಸವಾಗಿ ಉಳಿದಿರಲೇ ಇಲ್ಲ, ಉಸಿರಾಡುವಷ್ಟೇ ಸಲೀಸು. ಅಕ್ಕ ಅರ್ಧ ಕಿಲೋ ಟೊಮೆಟೊ ತಾ ಎಂದರೂ ಇವಳು ಎರಡು ಹಣ್ಣು ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಿದ್ದಳು. "ಇದಕ್ಕೂ ಹೊಲಿಗೆ ಹಾಕ್ತೀಯೇನೇ?" ಎಂದು ಅಕ್ಕ ನಗುತ್ತಿದ್ದಳು.

ಔಷಧಿ ಮನೆಯೊಳಗೆ ಬಂದದ್ದು ಪೈಲ್ವಾನನ ಕೈಯಿಂದ. ಪೈಲ್ವಾನ ಎಂದರೆ ಮೂರನೆಯ ಕ್ರಾಸಿನ ಜಿಮ್ಮಿನಲ್ಲಿ ಜನರಿಗೆ ಭಾರ ಎತ್ತಿಸುವವನು. ಅವನ ತೊಡೆಗಳಿಗೆ ಸಿದ್ಧ ಪ್ಯಾಂಟುಗಳು ಹತ್ತುತ್ತಿರಲಿಲ್ಲವಾದ್ದರಿಂದ ಎಂಟು ವರ್ಷಗಳಿಂದ ಇಲ್ಲಿಯ ಗಿರಾಕಿ. ಹಿಂದಿನ ವರ್ಷ ಅಕ್ಕನ ಬಲ ಭುಜ ಹಿಡಿದುಕೊಂಡು, ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಂತಾಗಿತ್ತು. ಗೆರೆ ಎಳೆಯುವವಳಿಗೆ ಭುಜ ಹೋದರೆ ಉಳಿಯುವುದೇನು? ಒಬ್ಬ ಡಾಕ್ಟರು ವಿಶ್ರಾಂತಿ ಎಂದರು. ಇನ್ನೊಬ್ಬರು ವಯಸ್ಸು ಎಂದರು. "ವಯಸ್ಸೂ ಒಂದು ಕಾಯಿಲೆ ಅಂದಮೇಲೆ ಅದಕ್ಕೆ ಔಷಧಿ ಬರೀರಿ" ಎಂದು ಹೇಳಿ ಅಕ್ಕ ಎದ್ದು ಬಂದಿದ್ದಳು.

"ಪೆಪ್ಟೈಡ್ ಅಂತ, ಮಾಸ್ಟರ್," ಎಂದಿದ್ದ ಪೈಲ್ವಾನ. "ಹೊರಗಿನದೇನಲ್ಲ, ನಮ್ಮ ಮೈಯಲ್ಲೇ ಇರೋ ಅಂಥದ್ದು. ಪ್ರೋಟೀನಿನ ಸಣ್ಣ ತುಂಡು ಅಂದ್ಕೊಳ್ಳಿ. ಇಲ್ಲಿ ಹರಿದಿದೆ, ಇಲ್ಲಿ ರಿಪೇರಿ ಮಾಡು ಅಂತ ಮೈಗೆ ಹೇಳುತ್ತೆ."

"ತುಂಡುಗಳಾ? ನಮ್ಮಲ್ಲಿ ಒಂದು ಮೂಟೆ ಬಿದ್ದಿವೆ, ಅದನ್ನೇ ಚುಚ್ಚಿಸ್ಕೊಳ್ಳಲಾ?"

"ತಮಾಷೆ ಅಲ್ಲ ಮಾಸ್ಟರ್. ನನ್ನ ಮೊಣಕೈ ನೋಡಿ."

ಅವನ ಮೊಣಕೈಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅದೇ ಅವನ ಸಾಕ್ಷಿ.

ಮೊದಲು ಬಂದದ್ದು ಕೆಂಪು ಮುಚ್ಚಳದ ಸೀಸೆಗಳು, ಭುಜಕ್ಕೆ. ಅದನ್ನು ಪೈಲ್ವಾನನೇ ಸಿರಿಂಜುಗಳಿಗೆ ತುಂಬಿ ವಾರಕ್ಕೊಮ್ಮೆ ತಂದುಕೊಡುತ್ತಿದ್ದ. ಜೀವನಪೂರ್ತಿ ಸೂಜಿ ಹಿಡಿದ ಅಕ್ಕನಿಗೆ ತನ್ನ ಮೈಗೆ ಸೂಜಿ ಎಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಹಾಗಾಗಿ ಚುಚ್ಚುವ ಕೆಲಸ ಪುಟ್ಟಿಯ ಪಾಲಿಗೆ ಬಂತು. ಸೂಜಿ ಒಳಗೆ ಹೋದ ಕ್ಷಣ ಅಕ್ಕ "ಹೂಂ" ಎನ್ನುತ್ತಿದ್ದಳು. ನೋವಿಗಲ್ಲ. ಯಾರೋ ಏನೋ ಹೇಳಿದ್ದಕ್ಕೆ, ಸರಿ, ಕೇಳಿಸಿತು ಎಂಬಂತೆ.

ಪ್ರತಿ ಸೋಮವಾರ ಅಕ್ಕ ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತು, ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಜೇಡದಂತೆ ನಡೆಸಿ, ಇನ್ನು ಆಗದು ಎನ್ನುವಲ್ಲಿ ನಿಲ್ಲಿಸುವಳು. ಪುಟ್ಟಿ ಅಲ್ಲೊಂದು ಸೀಮೆಸುಣ್ಣದ ಗೀಟು ಹಾಕುವಳು. ಮೊದಲ ಗೀಟು ಸಿಂಕಿನ ನಲ್ಲಿಯ ಮಟ್ಟಕ್ಕಿತ್ತು. ಏಳನೆಯದು ಗಡಿಯಾರದ ಕೆಳಗೆ. ಹನ್ನೊಂದನೆಯದು ಗಡಿಯಾರದ ಪಕ್ಕಕ್ಕೆ ಬಂದಾಗ ಅಕ್ಕ ತಿರುಗಿ ನಿಂತು, ಬಹಳ ಹೊತ್ತು ಆ ಕೈಯನ್ನು ಕೆಳಗಿಳಿಸಲು ಮರೆತವಳಂತೆ ಹಾಗೇ ಎತ್ತಿಕೊಂಡಿದ್ದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಾಸಿಯಾದವರಿಗೆ ವಾಸಿಯಾಗುವ ರುಚಿ ಹತ್ತಿಬಿಡುತ್ತದೆ. ನೀಲಿ ಮುಚ್ಚಳದ ಸೀಸೆಗಳು ಬಂದವು. "ಇದು ಆಯಸ್ಸಿನದು," ಎಂದ ಪೈಲ್ವಾನ. ಮರುಕ್ಷಣ ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಹಾಗಂತಾರೆ," ಎಂದ. ತುಂಬಿಕೊಡಲು ಅವನಿಗೆ ಪುರುಸೊತ್ತಿರಲಿಲ್ಲ. ಎಷ್ಟು ಗೆರೆ ಎಂದು ಅಕ್ಕನ ಫೋನಿಗೆ ದನಿ ಸಂದೇಶ ಕಳಿಸಿದ. ಅಕ್ಕ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಮೊದಲ ಬೆಳಿಗ್ಗೆ ಪುಟ್ಟಿ ಎಂಟಕ್ಕೇ ಎಳೆದಿದ್ದಳು. ಗಾಳಿಯ ಗುಳ್ಳೆ ಹೊರಗೆ ಹೋಗಲೆಂದು ಬೆರಳಿನಿಂದ ತಟ್ಟಿ ಒತ್ತಿದಾಗ ಸೂಜಿಯ ತುದಿಯಲ್ಲಿ ಒಂದು ಹನಿ ಮೂಡಿ, ಜಾರಿ, ನೆಲಕ್ಕೆ ಬಿತ್ತು. ಇಷ್ಟು ಹೋಯಿತಲ್ಲ, ಸೂಜಿಯೊಳಗೂ ಒಂದಿಷ್ಟು ಉಳಿಯುತ್ತದಲ್ಲ ಎಂದುಕೊಳ್ಳುವುದರೊಳಗೆ ಕೈ ತಾನಾಗಿ ಇನ್ನೆರಡು ಗೆರೆ ಆಚೆಗೆ ಹೋಗಿತ್ತು. ಮರುದಿನದಿಂದ ಹನಿ ಬಿದ್ದರೂ ಬೀಳದಿದ್ದರೂ ಹತ್ತು.

ಅಕ್ಕ ಹೂವಿನಂತಾದಳು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಬಿಟ್ಟಳು. ಒಂದೇ ಮಗ್ಗುಲಲ್ಲಿ ಬೆಳಗಿನವರೆಗೆ ಮಲಗಿದಳು. "ನೂರು ವರ್ಷ ಬದುಕಿ ನಿನ್ನ ಜೀವ ತಿಂತೀನಿ ನೋಡ್ತಿರು," ಎಂದು ಪುಟ್ಟಿಯ ಗಲ್ಲ ಹಿಂಡಿದಳು. ಅರವತ್ತೊಂದು ವರ್ಷದವಳ ಕಣ್ಣಿನ ಕೆಳಗಿನ ಚೀಲಗಳನ್ನು ಯಾರೋ ಒಳಗಿನಿಂದ ಹೊಲಿಗೆ ಹಾಕಿ ಎಳೆದಂತಿತ್ತು.

ನೀಲಿ ಶುರುವಾದ ನಲವತ್ತಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಅಕ್ಕ ಒಂದು ಕೋಟಿನ ತೋಳಿಗೆ ಗೆರೆ ಎಳೆಯುತ್ತಿದ್ದಳು. ಪುಟ್ಟಿ ಕತ್ತರಿ ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದಳು. ಗೆರೆ ಭುಜದಿಂದ ಹೊರಟು, ಮೊಣಕೈಯ ಬಾಗು ತಿರುಗಿ, ಮಣಿಕಟ್ಟಿಗೆ ಹೋಗಬೇಕಾದದ್ದು ಹೋಗದೆ, ಬಟ್ಟೆ ದಾಟಿ, ಮೇಜಿನ ಮರದ ಮೇಲೆ ಹರಿದು, ಅಂಚಿನವರೆಗೆ ಹೋಯಿತು. ಪುಟ್ಟಿಗೆ ಮೊದಲು ಕಂಡದ್ದು ಆ ಗೆರೆ. ಅಕ್ಕನ ಮುಖ ಆಮೇಲೆ.

ಆಸ್ಪತ್ರೆಯಲ್ಲಿ ಯುವ ಡಾಕ್ಟರು ಹೃದಯ ನಿಂತಿದೆ ಎಂದರು. "ಬೇರೆ ಏನಾದ್ರೂ ಔಷಧಿ ತಗೋತಿದ್ರಾ?"

"ಬಿಪಿ ಮಾತ್ರೆ ಅಷ್ಟೇ," ಎಂದಳು ಪುಟ್ಟಿ.

ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೆಂದು ಅವಳಿಗೆ ಇವತ್ತಿಗೂ ತಿಳಿಯದು.

*

ಅಕ್ಕನ ಮಗ ಲಿಫ್ಟುಗಳನ್ನು ರಿಪೇರಿ ಮಾಡುವವನು. ಬೇರೆ ಬಡಾವಣೆಯಲ್ಲಿ ಹೆಂಡತಿಯೊಂದಿಗೆ ಇದ್ದ. ಅಮ್ಮ ಸತ್ತ ನಾಲ್ಕನೆಯ ದಿನ ಅಡುಗೆಮನೆಯ ಕಸದ ಬುಟ್ಟಿಯಲ್ಲಿ ಅವನಿಗೆ ಮೂರು ಖಾಲಿ ಸೀಸೆಗಳು ಸಿಕ್ಕವು. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ.

"ಮನುಷ್ಯರ ಬಳಕೆಗಲ್ಲ," ಎಂದ. ಮತ್ತೊಮ್ಮೆ ಅಂದ. "ಚಿಕ್ಕಿ, ಇದನ್ನ ಆ ಪೈಲ್ವಾನ ಅಮ್ಮನಿಗೆ ಕೊಟ್ಟಿದ್ದಾ?"

"ಹೂಂ ಕಣೋ."

"ನೀನೇ ಚುಚ್ಚುತಿದ್ದೆ."

"ಹೂಂ."

"ತುಂಬಿದ್ದವು ಇನ್ನೂ ಇವೆಯಾ?"

"ಎಸೆದೆ."

ಅವನು ಜಿಮ್ಮಿಗೆ ಹೋಗಿ, ಕನ್ನಡಿಗಳ ಮುಂದೆ, ಭಾರ ಎತ್ತುತ್ತಿದ್ದ ಹತ್ತು ಜನರೆದುರು ಪೈಲ್ವಾನನ ಅಂಗಿಯ ಕಾಲರ್ ಹಿಡಿದು ಬಂದ. ನಿನ್ನ ಮಾತೇನಿದ್ದರೂ ಪೊಲೀಸರ ಹತ್ತಿರ ಹೇಳು ಎಂದ. ಮಾರನೆಯ ದಿನದಿಂದ ಪೈಲ್ವಾನ ಫೋನು ಮಾಡಿದರೂ ಅವನು ಎತ್ತಲೇ ಇಲ್ಲ. ದೂರನ್ನು ಬರೆದೂ ಆಗಿತ್ತು. ಆಸ್ಪತ್ರೆಯ ಕಾಗದಗಳು ಕೈಗೆ ಬಂದ ದಿನ ಸ್ಟೇಷನ್ನಿಗೆ ಕೊಡುವುದೆಂದು ತೀರ್ಮಾನ. ಪುಟ್ಟಿ ಅದನ್ನೆಲ್ಲ ಕೇಳಿಸಿಕೊಂಡು ಚಹಾ ಸೋಸಿದಳು. ಹತ್ತು ಗೆರೆಯ ಮಾತನ್ನು ಮಾತ್ರ ಎತ್ತಲಿಲ್ಲ.

ಹೊಸ ಬಟ್ಟೆ ಎಷ್ಟು ಕುಗ್ಗುತ್ತದೆಂದು ತಿಳಿಯದಿದ್ದಾಗ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಅದೇ ಬಟ್ಟೆಯ ತಾನಿನಿಂದ ಒಂದು ತುಂಡು ಕತ್ತರಿಸಿ, ನೀರಿಗೆ ಹಾಕಿ, ಒಣಗಿಸಿ, ಅಳೆದು ನೋಡುವುದು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ತನ್ನ ಮುಖವನ್ನು, ಅದರಲ್ಲಿದ್ದ ಅಕ್ಕನ ಗಲ್ಲವನ್ನು, ಅಕ್ಕನ ಹುಬ್ಬನ್ನು ನೋಡುತ್ತ ಪುಟ್ಟಿಗೆ ಅನಿಸಿತು: ನಾವಿಬ್ಬರೂ ಒಂದೇ ತಾನಿನವರಲ್ಲವೇ?

ಹತ್ತು ಗೆರೆ, ನಲವತ್ತಮೂರು ದಿನ. ದಾಟಿದರೆ ತಾನು ಕೊಂದಿಲ್ಲ. ದಾಟದಿದ್ದರೆ, ಯಾರಿಗೂ ಏನನ್ನೂ ಹೇಳುವ ಪ್ರಮೇಯವೇ ಇಲ್ಲ.

*

ಮೊದಲ ದಿನವೇ ಸೂಜಿ ಒಳಗೆ ಹೋದ ಕ್ಷಣ ಅಡುಗೆಮನೆಯಲ್ಲಿ "ಹೂಂ" ಎಂದು ಕೇಳಿಸಿತು.

ಪುಟ್ಟಿ ತಿರುಗಿ ನೋಡಲಿಲ್ಲ. ಅದು ತನ್ನ ಬಾಯಿಂದಲೇ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಆದರೆ ದನಿ ತನ್ನದಾಗಿರಲಿಲ್ಲ. ಎರಡನೆಯ ದಿನ ತುಟಿಗಳನ್ನು ಬಿಗಿಯಾಗಿ ಒತ್ತಿಕೊಂಡು ಚುಚ್ಚಿಕೊಂಡಳು. ಮೂಗಿನಿಂದಲೇ ಬಂತು. ವಾರ ಕಳೆಯುವಷ್ಟರಲ್ಲಿ ಅವಳು ಅದಕ್ಕಾಗಿ ಕಾಯತೊಡಗಿದ್ದಳು.

ಸಾಯಲೆಂದು ಕಾಯುತ್ತಿದ್ದ ಮೈ ಸಾಯುವ ಮಾತನ್ನೇ ಆಡಲಿಲ್ಲ. ಹೊಲಿಗೆ ಯಂತ್ರ ತುಳಿದು ತುಳಿದು ಸವೆದಿದ್ದ ಮಂಡಿಯ ನೋವು ಎರಡನೆಯ ವಾರಕ್ಕೆ ಮಾಯವಾಯಿತು. ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕಿ ಹುಡುಕಿ, ಕೊನೆಗೆ ಅದಿಲ್ಲದೆಯೇ ದಾರ ಪೋಣಿಸಿಯಾಗಿದೆಯೆಂದು ಕಂಡಿತು. ಬ್ಯಾಂಕಿನ ಕಾವಲುಗಾರ ಒಂದು ಮಧ್ಯಾಹ್ನ ಪ್ಯಾಂಟಿನ ಜಿಪ್ಪು ಹಾಕಿಸಿಕೊಳ್ಳಲು ಬಂದು, "ಏನು ಪುಟ್ಟಿ, ದುಃಖಕ್ಕೆ ಜನ ಸೊರಗ್ತಾರೆ, ನಿನಗೆ ಬಣ್ಣ ಬರ್ತಿದೆಯಲ್ಲ," ಎಂದ. ಅವನಿಗೆ ಕುಹಕದ ಬುದ್ಧಿಯಿರಲಿಲ್ಲ. ಆದರೂ ಅವಳು ಆ ಜಿಪ್ಪನ್ನು ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಗೆರೆಗಳು. ಅಕ್ಕ ಹೋದಮೇಲೆ ಗೆರೆ ಎಳೆಯುವುದು ಅವಳ ತಲೆಗೇ ಬಂದಿತ್ತು. ಮೊದಮೊದಲು ಎಳೆದವು ಹೆದರಿದ ಮಗುವಿನ ಬರಹದಂತಿದ್ದವು. ಒಂದು ಶಾಲೆಯ ಸಮವಸ್ತ್ರ ಕಂಕುಳಲ್ಲಿ ಹಿಡಿದು ವಾಪಸ್ಸು ಬಂತು. ಆದರೆ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅವಳು ಬೂದು ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದಳು; ಅಳತೆಯ ಚೀಟಿ ನೋಡುವ ಮೊದಲೇ ಕೈ ಹೊರಟಿತು. ಭುಜ, ಬೆನ್ನು, ಸೊಂಟದ ಒಳಬಾಗು. ಎಲ್ಲಿಯೂ ಎತ್ತದೆ, ಒಂದೇ ಉಸಿರಿನಲ್ಲಿ. ಕತ್ತರಿಸಲು ಕತ್ತರಿ ಹಿಡಿದಾಗ, ಪಕ್ಕದಲ್ಲಿ ಯಾರೋ ಜಾಗ ಬಿಟ್ಟು ಸರಿದಂತಾಯಿತು.

ಆ ಕೋಟಿನ ಗಿರಾಕಿ, ನಿವೃತ್ತ ಮೇಷ್ಟರು, ಕನ್ನಡಿಯೆದುರು ತೋಳು ಮೇಲೆತ್ತಿ ಇಳಿಸಿ ನೋಡಿಕೊಂಡರು.

"ಇದನ್ನ ಮಾಸ್ಟರ್ ಮೊದಲೇ ಗುರುತು ಮಾಡಿಟ್ಟಿದ್ರಾ?"

"ಹೂಂ," ಎಂದಳು ಪುಟ್ಟಿ. ಅವರು ಸಟ್ಟನೆ ಅವಳ ಮುಖ ನೋಡಿದರು.

ಚುಚ್ಚಿಕೊಳ್ಳತೊಡಗಿದ ಮೂವತ್ತನೆಯ ದಿನ ಸೋಮವಾರವಾಗಿತ್ತು. ಚುಚ್ಚಿಕೊಂಡಾದಮೇಲೆ ಅವಳು ಗೋಡೆಗೆ ಮುಖ ಮಾಡಿ ನಿಂತಳು. ಏಕೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಅವಳ ಭುಜಕ್ಕೆ ಏನೂ ಆಗಿರಲಿಲ್ಲ. ಬೆರಳುಗಳು ಗೋಡೆ ಹತ್ತಿದವು. ನಲ್ಲಿಯ ಮಟ್ಟ, ಕಿಟಕಿಯ ಮಟ್ಟ, ಗಡಿಯಾರದ ಕೆಳಗೆ. ಹನ್ನೊಂದನೆಯ ಗೀಟಿನ ಮೇಲೆ ಬೆರಳತುದಿ ಬಂದು ಕೂತಿತು. ಪಾದಗಳು ನೆಲಕ್ಕೆ ಅಂಟಿದ್ದವು, ಹಿಮ್ಮಡಿ ಎದ್ದಿರಲಿಲ್ಲ.

ಅವಳು ಅಕ್ಕನಿಗಿಂತ ಒಂದು ಗೇಣು ಗಿಡ್ಡ. ಆ ಗೀಟುಗಳನ್ನು ಹಾಕುವಾಗ ಕೊನೆಯ ಮೂರಕ್ಕೆ ಅವಳು ಸ್ಟೂಲು ಹತ್ತಿದ್ದಳು.

ಅಳತೆಪಟ್ಟಿ ತಂದು ತೋಳು ಅಳೆದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎತ್ತರ ಅಳೆದಳು. ಎಲ್ಲ ಮೊದಲಿನಷ್ಟೇ. ಮತ್ತೆ ಗೋಡೆಯ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಸ್ಟೂಲಿನ ಮೇಲೆ ಕೂತು, ಅಂಗಡಿಯ ಬಾಗಿಲನ್ನು ಯಾರೋ ತಟ್ಟುತ್ತಿದ್ದರೂ ಏಳದೆ, ಬೆರಳ ತುದಿಗೆ ಹತ್ತಿದ್ದ ಸೀಮೆಸುಣ್ಣದ ಪುಡಿಯನ್ನು ನೋಡುತ್ತಿದ್ದಳು.

ಬಾಗಿಲು ತಟ್ಟುತ್ತಿದ್ದವನು ಪೈಲ್ವಾನ. ಅವನು ಇಳಿದುಹೋಗಿದ್ದ. ಪ್ಯಾಂಟಿನ ತೊಡೆ ಸಡಿಲವಾಗಿ ಜೋಲುತ್ತಿದ್ದದ್ದನ್ನು ಅವಳ ಕಣ್ಣು ತಾನಾಗಿ ಅಳೆಯಿತು, ಎರಡೂವರೆ ಇಂಚು.

"ಒಳಗೆ ಬರಲ್ಲ," ಎಂದ. "ಯಾರಾದ್ರೂ ನೋಡಿದ್ರೆ ನಿಮಗೇ ಕಷ್ಟ. ನನಗೆ ಜಿಮ್ಮಿಗೆ ಬರಬೇಡ ಅಂದಿದ್ದಾರೆ. ಅದು ಬಿಡಿ. ಒಂದೇ ಒಂದು ಕೇಳ್ತೀನಿ. ನಾನು ಹೇಳಿದಷ್ಟೇ ಕೊಟ್ರಿ ಅಲ್ವಾ?"

"ಚೀಟಿಯಲ್ಲಿ ಬರೆದಿತ್ತಲ್ಲ."

"ಅದೇ. ಅಷ್ಟೇ ಕೊಟ್ರಿ ಅಲ್ವಾ?"

"ಅಷ್ಟೇ."

ಅವನು ತಲೆಯಾಡಿಸಿದ. ಆ ಉತ್ತರ ಅವನಿಗೆ ನೆಮ್ಮದಿ ಕೊಡುತ್ತದೆಂದು ಅವಳು ಅಂದುಕೊಂಡಿದ್ದಳು. ಅವನ ಮುಖ ಇನ್ನಷ್ಟು ಬಿಳಚಿಕೊಂಡಿತು. "ಹಾಗಾದ್ರೆ ಸೀಸೆಯಲ್ಲೇ ಏನೋ ಇತ್ತು," ಎಂದ ಮೆಲ್ಲಗೆ. "ಮತ್ತೆ ಹನ್ನೊಂದು ಜನಕ್ಕೆ ಅದನ್ನೇ ಕೊಟ್ಟಿದ್ದೀನಿ ನಾನು. ನಮ್ಮಪ್ಪನಿಗೂ. ದಿನಾ ಬೆಳಿಗ್ಗೆ ಎದ್ದಕೂಡಲೇ ಎಲ್ಲರಿಗೂ ಫೋನ್ ಮಾಡ್ತೀನಿ. ಹಲೋ ಅಂದ್ರೆ ಸಾಕು, ಇಟ್ಟುಬಿಡ್ತೀನಿ."

ಅವನು ಹೋದಮೇಲೂ ಆ ಮಾತು ಬಾಗಿಲಲ್ಲೇ ನಿಂತಿತ್ತು.

*

ನಲವತ್ತಮೂರನೆಯ ದಿನ ಪುಟ್ಟಿ ಹತ್ತು ಗಂಟೆಗೇ ಅಂಗಡಿಯ ಮೇಜಿನ ಪಕ್ಕ, ಅಕ್ಕ ನಿಂತಿದ್ದಲ್ಲಿ ನಿಂತಳು. ಹತ್ತೂವರೆಯಾಯಿತು. ಹನ್ನೊಂದಾಯಿತು. ಎದೆ ತನ್ನ ಪಾಡಿಗೆ ಹೊಡೆದುಕೊಳ್ಳುತ್ತಿತ್ತು. ರಸ್ತೆಯಲ್ಲಿ ನೀರಿನ ಟ್ಯಾಂಕರ್ ಹಿಂದೆ ಹಿಂದೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು. ಮಧ್ಯಾಹ್ನ ಊಟ ಮಾಡಿದಳು. ಸಂಜೆ ಎರಡು ಪ್ಯಾಂಟು ಮುಗಿಸಿದಳು.

ನಲವತ್ತನಾಲ್ಕನೆಯ ದಿನ ಎಚ್ಚರವಾದಾಗ ಪಕ್ಕದ ಖಾಲಿ ಮಂಚದ ಮೇಲೆ ಬಿಸಿಲು ಬಿದ್ದಿತ್ತು. ದಾಟಿದ್ದಳು. ತಾನು ಕೊಂದಿಲ್ಲ. ಆ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದಳು, ನಿಲ್ಲಲಿಲ್ಲ. ನೀರಿಗೆ ಹಾಕಿದ ತುಂಡು ಕುಗ್ಗದಿದ್ದ ಮಾತ್ರಕ್ಕೆ ಹರಿದುಹೋದ ಕೋಟು ಹರಿದಿಲ್ಲವೆಂದಾಗುತ್ತದೆಯೇ? ಅಕ್ಕನಿಗೆ ಅರವತ್ತೊಂದು, ಇವಳಿಗೆ ಐವತ್ತನಾಲ್ಕು. ಅಕ್ಕನಿಗೆ ಬಿಪಿ, ಇವಳಿಗಿಲ್ಲ. ಅಕ್ಕನ ಮೈಯೊಳಗೆ ಏನಿತ್ತೋ ಯಾರು ಕಂಡರು. ಇಷ್ಟು ದಿನದ ಚುಚ್ಚುವಿಕೆ ಅವಳಿಗೆ ಕೊಟ್ಟದ್ದು ನೋವಿಲ್ಲದ ಮಂಡಿ ಮತ್ತು ಅಕ್ಕನ ಕೈ. ತಿಳಿಯಬೇಕಾದದ್ದು ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಎದ್ದು ಏಳಕ್ಕೆ ಸರಿಯಾಗಿ ಮತ್ತೆ ಚುಚ್ಚಿಕೊಂಡಳು. ಈಗ ಲೆಕ್ಕ ಮುಗಿದಿತ್ತು; ಚುಚ್ಚಿಕೊಂಡದ್ದು ಆ ದನಿಗಾಗಿ.

ಮಾರನೆಯ ದಿನ ಮಗ ಫೋನು ಮಾಡಿದ. ಆಸ್ಪತ್ರೆಯ ಕಾಗದ ಬಂದಿದೆ, ನಾಳೆ ಮಧ್ಯಾಹ್ನ ಬಂದು ನಿನ್ನ ರುಜುವನ್ನೂ ಹಾಕಿಸಿಕೊಂಡು ಸ್ಟೇಷನ್ನಿಗೆ ಹೋಗುತ್ತೇನೆ ಎಂದ. "ಸರಿ ಕಣೋ," ಎಂದಳು. ಫೋನಿಟ್ಟು, ಪೈಲ್ವಾನನಿಗೆ ಮಾಡಿದಳು. ಅವನು ಹಲೋ ಎನ್ನುವ ಮೊದಲೇ, "ನಾಳೆ ಮೂರಕ್ಕೆ ಅಂಗಡಿಗೆ ಬಾ. ಒಳಗೆ ಬಾ," ಎಂದಳು.

ಮಗ ಬಂದಾಗ ಪೈಲ್ವಾನ ಆಗಲೇ ಬಟ್ಟೆ ಬದಲಿಸುವ ಪರದೆಯ ಪಕ್ಕ, ಅಳತೆ ಕೊಡಲು ನಿಂತವನಂತೆ ಕೈಗಳನ್ನು ಮೈಯಿಂದ ಸ್ವಲ್ಪ ದೂರವಿಟ್ಟುಕೊಂಡು ನಿಂತಿದ್ದ.

"ಇವನಿಗೇನು ಕೆಲಸ ಇಲ್ಲಿ?"

"ನಾನೇ ಕರೆದೆ. ಕೂತ್ಕೋ."

"ಚಿಕ್ಕಿ, ಇವನ ಮುಖ ನೋಡಿದ್ರೆ ನನಗೆ..."

"ಕೂತ್ಕೋ ಅಂದ್ನಲ್ಲ."

ಅವನು ಕೂತ. ಬಹುಶಃ ಆ ಕೋಣೆಯಲ್ಲಿ ಆ ದನಿಗೆ ಅವನು ಚಿಕ್ಕಂದಿನಿಂದ ಕೂತು ಅಭ್ಯಾಸ. ಪುಟ್ಟಿ ಫ್ರಿಜ್ಜಿನ ಮೇಲಿನ ಚೀಟಿಯನ್ನು ಕಿತ್ತು ತಂದಿದ್ದಳು. ಮೇಜಿನ ಮೇಲಿಟ್ಟಳು.

"ನಿಮ್ಮಮ್ಮ ಬರೆದದ್ದು ಎಂಟು. ನಾನು ಚುಚ್ಚಿದ್ದು ಹತ್ತು. ದಿನಾ. ಅವಳು ಗೆರೆ ಹಾಕಿದ್ರೆ ನಾನು ಆಚೆ ಇಡೋದು, ಗೊತ್ತಲ್ಲ ನಿನಗೆ. ಕೈ ಹಾಗೇ ಹೋಯ್ತು. ಆಸ್ಪತ್ರೆಯಲ್ಲೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಆ ಕಾಗದದಲ್ಲಿ ಇವನ ಹೆಸರು ಇರೋ ಕಡೆ ನನ್ನ ಹೆಸರು ಬರಿ."

ಮೊದಲು ಮಾತಾಡಿದವನು ಪೈಲ್ವಾನ.

"ಎಂಟಾ?"

ಅವನು ಮೇಜಿನ ಹತ್ತಿರ ಬಂದು ಚೀಟಿಯನ್ನು ಕೈಗೆತ್ತಿಕೊಳ್ಳದೆ, ಬಗ್ಗಿ ನೋಡಿದ. "ನಾನು ಎಂಟು ಅಂತ ಹೇಳಲೇ ಇಲ್ಲ. ಬಿಪಿ ಇದೆ ಅಂತ ಆರು ಹೇಳಿದ್ದೆ." ಜೇಬಿನಿಂದ ಫೋನು ತೆಗೆದು, ಹೆಬ್ಬೆರಳಿನಿಂದ ಹಳೆಯ ಸಂದೇಶಗಳನ್ನು ಹಿಂದೆ ಹಿಂದೆ ಸರಿಸುತ್ತ ಹೋದ. "ನೀವು ನನ್ನ ಫೋನೇ ಎತ್ತಲಿಲ್ಲ. ಎತ್ತಿದ್ರೆ ಅವತ್ತೇ ಕೇಳಿಸ್ತಿದ್ದೆ," ಎಂದ ಮಗನಿಗೆ.

ಮೊದಲು ಅವನದೇ ದನಿ ಬಂತು, ಹಿಂದೆ ಕಬ್ಬಿಣದ ಭಾರಗಳು ಬೀಳುವ ಸದ್ದು: ಮಾಸ್ಟರ್, ನೀಲಿಯದು ಆರು ಗೆರೆ, ಆರಕ್ಕಿಂತ ಹೆಚ್ಚು ಬೇಡ.

ಆಮೇಲೆ ಅಕ್ಕ.

"ಆರಾ? ಅದೇನೋ, ಚಮಚದಲ್ಲಿ ನೀರು ಕುಡಿಸಿದ ಹಾಗೆ. ಸರಿ ಬಿಡು, ಬರೆದಿಟ್ಕೋತೀನಿ." ಒಂದು ಕ್ಷಣ ಬಿಟ್ಟು, ಮುಖವನ್ನು ಫೋನಿಗೆ ಹತ್ತಿರ ತಂದವಳಂತೆ, ತಗ್ಗಿದ ದನಿಯಲ್ಲಿ: "ಒಂದು ಮಾತು ಕಣೋ. ಸ್ವಲ್ಪ ಜಾಸ್ತಿ ತಗೊಂಡ್ರೆ ಜಾಸ್ತಿ ದಿನ ಸಿಗುತ್ತಾ? ಪುಟ್ಟಿ ಹತ್ರ ಹೇಳ್ಬೇಡ, ನಗ್ತಾಳೆ."

ಫೋನಿನ ಬೆಳಕು ಆರಿತು. ಮೂವರಲ್ಲಿ ಯಾರೂ ಅದನ್ನು ಮತ್ತೆ ಮುಟ್ಟಲಿಲ್ಲ.

ಜೀವಮಾನವಿಡೀ ಮೈಯಷ್ಟನ್ನೇ ಬರೆದವಳು ಈ ಒಂದು ಸಲ ತನಗೆಂದು ಎರಡು ಗೆರೆ ಆಚೆ ಬರೆದುಕೊಂಡಿದ್ದಳು. ಪುಟ್ಟಿಗೆ ಆ ಲೆಕ್ಕಕ್ಕಿಂತ ಕೊನೆಯ ಮಾತು ಒಳಗೆ ಇಳಿಯಿತು. ಒಂದು ಕೈ ಚಾಚಿದರೆ ಸಿಗುವಷ್ಟು ದೂರದ ಮಂಚದಲ್ಲಿ ಅಕ್ಕ ಸಾವಿಗೆ ಹೆದರುತ್ತ ಮಲಗಿದ್ದಳು. ಅದನ್ನು ಪ್ಯಾಂಟು ಹೊಲಿಸಿಕೊಳ್ಳುವ ಗಿರಾಕಿಗೆ ಹೇಳಿದ್ದಳು, ತಂಗಿಗೆ ಹೇಳಿರಲಿಲ್ಲ. ನಾನು ನಗುತ್ತಿದ್ದೆನೇ? ನಗುತ್ತಿದ್ದೆ.

ಮಗ ದೂರಿನ ಕಾಗದವನ್ನು ನೋಡುತ್ತ ಕೂತಿದ್ದ. ಅದರಲ್ಲಿ ಯಾರ ಹೆಸರನ್ನು ಹೊಡೆದು ಯಾರದನ್ನು ಬರೆಯಬೇಕೆಂದು ಅವನಿಗೆ ತಿಳಿದಂತಿರಲಿಲ್ಲ. ಬೇರೇನೋ ಹೊಳೆದವನಂತೆ ತಲೆಯೆತ್ತಿದ.

"ಉಳಿದ ಸೀಸೆ ಎಸೆದೆ ಅಂದೆ. ಎಲ್ಲಿ ಎಸೆದೆ?"

ಪುಟ್ಟಿಯ ಕೈ ಹೊಟ್ಟೆಯ ಮೇಲೆ ಹೋಗಿ ನಿಂತಿತು.

ಅವನು ಅವಳ ಕೈಯನ್ನು ನೋಡಿದ. ಮುಖ ನೋಡಿದ. ನೆರೆ ಕಡಿಮೆಯಾದ ಕೂದಲು, ನುಣುಪಾದ ಕೆನ್ನೆ, ಈ ಎರಡು ತಿಂಗಳಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲವೆಂಬಂತೆ.

"ಎಷ್ಟು ದಿನ ಆಯ್ತು?"

"ಇವತ್ತಿಗೆ ನಲವತ್ತಾರು."

"ಎಷ್ಟೆಷ್ಟು?"

"ಹತ್ತು."

ಕುರ್ಚಿ ಹಿಂದಕ್ಕೆ ಬಿತ್ತು. ಅವನು ಮೇಜು ಸುತ್ತಿ ಬಂದು ಅವಳ ಮಣಿಕಟ್ಟು ಹಿಡಿದ. ಯಂತ್ರದ ಎಣ್ಣೆ ಕೂತು ಕಪ್ಪಾದ ಹೆಬ್ಬೆರಳು ನಾಡಿ ಸಿಗದೆ ಅಲ್ಲಿ ಇಲ್ಲಿ ತಡಕಾಡಿತು. ಸಿಕ್ಕಿತು. ಪೈಲ್ವಾನ ಮೆಲ್ಲಗೆ, "ಹೆಬ್ಬೆರಳಲ್ಲಿ ನೋಡ್ಬಾರ್ದು, ನಿಮ್ಮದೇ ನಾಡಿ ಸಿಗುತ್ತೆ. ಎರಡು ಬೆರಳು ಇಡಿ," ಎಂದ. ಮಗ ಅವನನ್ನು ದುರುಗುಟ್ಟಿ ನೋಡಿ, ಎರಡು ಬೆರಳು ಇಟ್ಟ. ಇನ್ನೊಂದು ಕೈಯ ಗಡಿಯಾರವನ್ನು ಕಣ್ಣ ಮುಂದೆ ಹಿಡಿದುಕೊಂಡು, ತುಟಿ ಆಡಿಸುತ್ತ ಎಣಿಸತೊಡಗಿದ.

"ಚೆನ್ನಾಗೇ ಇದ್ದೀನಿ ಕಣೋ," ಎಂದಳು ಪುಟ್ಟಿ. "ಅದೇ ನೋಡು, ಅದೇ..."

"ಮಾತಾಡ್ಬೇಡ ಚಿಕ್ಕಿ," ಎಂದ ಅವನು. "ಎಣಿಕೆ ತಪ್ಪುತ್ತೆ."